ಶಾಲೆಯ ಈಜು ಕ್ಲಾಸು, ಡಿಸೆಂಬರ್ ಟೂರು: ನೀರಿನ ಹತ್ತಿರ ಮಕ್ಕಳನ್ನು ನೋಡಿಕೊಳ್ಳುವವರು ಯಾರು?

ಕುವೆಂಪುನಗರದಮ್ಮ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮಗ ಮೂರನೇ ಕ್ಲಾಸು, ಮೈಸೂರಿನಲ್ಲೇ. ಈ ವರ್ಷದಿಂದ ವಾರಕ್ಕೊಂದು ದಿನ ಈಜು ಶುರು ಮಾಡಿದ್ದಾರೆ. ಶಾಲೆಗೆ ಸ್ವಂತ ಪೂಲ್ ಇಲ್ಲ, ವ್ಯಾನಿನಲ್ಲಿ ಹತ್ತಿರದ ಒಂದು ಖಾಸಗಿ ಪೂಲ್‌ಗೆ ಕರೆದುಕೊಂಡು ಹೋಗುತ್ತಾರೆ. ನಾನು ಖುಷಿಯಿಂದಲೇ ಫೀಸು ಕಟ್ಟಿದ್ದೆ. ಹೋದ ಗುರುವಾರ ಅವನು ಟವೆಲ್ ಮರೆತು ಹೋಗಿದ್ದ. ಕೊಟ್ಟು ಬರೋಣ ಅಂತ ಹೋದೆ.

28 ಮಕ್ಕಳು, ಒಬ್ಬ ಕೋಚ್. ಅವರು ನೀರಿನಲ್ಲಿ ನಿಂತು ಆರು ಮಕ್ಕಳಿಗೆ ಕಾಲು ಬಡಿಯುವುದು ಹೇಳಿಕೊಡುತ್ತಿದ್ದರು. ಬೆನ್ನು ಉಳಿದ 22 ಮಕ್ಕಳ ಕಡೆಗೆ. ಆ ಮಕ್ಕಳು ಅಂಚಿನ ಕಂಬಿ ಹಿಡಿದುಕೊಂಡು ನಿಂತಿರಬೇಕಂತೆ. ಎಂಟು ವರ್ಷದ ಹುಡುಗರು ಕಂಬಿ ಹಿಡಿದುಕೊಂಡು ನಿಂತಿರುತ್ತಾರಾ? ಒಬ್ಬನ ತಲೆ ಇನ್ನೊಬ್ಬ ಒತ್ತುತ್ತಿದ್ದ. ಕ್ಲಾಸ್ ಮಿಸ್ ಮೇಲೆ ನಿಂತಿದ್ದರು, ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾ.

ವಿಪರೀತ ಕೋಪ ಬಂತು. ಮನೆಗೆ ಬಂದು ಕ್ಲಾಸಿನ ಗ್ರೂಪ್ ತೆರೆದರೆ ಅವೇ ಫೋಟೋ, ಕೆಳಗೆ ಸಾಲಾಗಿ ಹಾರ್ಟು. ಹಿಂದಿನ ವಾರದ ಫೋಟೋಗೆ ನಾನೂ ಹಾಕಿದ್ದೆ.

ಇನ್ನೊಂದು ವಿಷಯ. ಮಗಳು ಎಂಟನೇ ಕ್ಲಾಸು, ಬೇರೆ ಶಾಲೆ. ಡಿಸೆಂಬರಿನಲ್ಲಿ ಜೋಗ, ಮುರುಡೇಶ್ವರ, ಗೋಕರ್ಣ ಟೂರು. ಒಪ್ಪಿಗೆ ಪತ್ರದ ಕೊನೇ ಸಾಲು, "ಯಾವುದೇ ಅನಾಹುತಕ್ಕೆ ಶಾಲೆಯು ಹೊಣೆಯಲ್ಲ." ಸಹಿ ಮಾಡದೆ ಮೂರು ದಿನದಿಂದ ಫ್ರಿಜ್ ಮೇಲೆ ಇಟ್ಟಿದ್ದೇನೆ. ಮಗಳು ಮಾತು ಬಿಟ್ಟಿದ್ದಾಳೆ.

ಶಾಲೆಯವರ ಹತ್ತಿರ ಏನು ಕೇಳಬೇಕು? ಜಗಳ ಆಗದ ಹಾಗೆ?

ಹಳೇಬೇರು
ನಮ್ಮಪ್ಪ ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳಿದ್ದರು. ಒಂದೇ ವಾರದಲ್ಲಿ ಈಜು ಬಂತು. ಕೋಚೂ ಇಲ್ಲ, ಮಿಸ್ಸೂ ಇಲ್ಲ. ಈಗಿನವರಿಗೆ ಎಲ್ಲದಕ್ಕೂ ಭಯ.

ಎರಡುಜಡೆ
@ಹಳೇಬೇರು ಸರ್, ನಿಮ್ಮಪ್ಪ ಬಾವಿಕಟ್ಟೆ ಮೇಲೆ ನಿಂತು ಏನು ಮಾಡುತ್ತಿದ್ದರು? ನಿಮ್ಮನ್ನೇ ನೋಡುತ್ತಿದ್ದರು ಅಲ್ವಾ? ಒಬ್ಬ ಹುಡುಗನಿಗೆ ಒಬ್ಬ ದೊಡ್ಡವರು, ಅದೂ ಈಜು ಬಲ್ಲವರು. ಇಲ್ಲಿ 28ಕ್ಕೆ ಒಬ್ಬರು.

ಹಳೇಬೇರು
ಅದು ಸರಿಯೇ. ಚಿಕ್ಕಪ್ಪನೂ ನೀರಿನಲ್ಲಿ ಇರುತ್ತಿದ್ದರು.

ಸುಮ್ನೆಓದುಗ
ಹಂಗಾದರೆ ಇಬ್ಬರು 😀

ನೀರಂಚು
ಬೆಂಗಳೂರಿನಲ್ಲಿ ಹನ್ನೊಂದು ವರ್ಷದಿಂದ ಈಜು ಕಲಿಸುತ್ತಿದ್ದೇನೆ. ಮೇಡಂ, ನೀವು ನೋಡಿದ್ದು ಅಪರೂಪವೇನಲ್ಲ.

ಕಲಿಸುವವನು ಬೇರೆ, ಕಾಯುವವನು ಬೇರೆ. ಇದೊಂದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ನಾನು ಒಂದು ಮಗುವಿನ ಮೊಣಕಾಲು ಮಡಚುವುದನ್ನು ತಿದ್ದುತ್ತಿದ್ದರೆ ಪಕ್ಕದ ಲೇನಿನಲ್ಲಿ ಏನಾಗುತ್ತಿದೆ ಅಂತ ನನಗೂ ಗೊತ್ತಾಗಲ್ಲ. ಎಷ್ಟು ಒಳ್ಳೆಯ ಕೋಚ್ ಆದರೂ ಅಷ್ಟೇ. ಅದಕ್ಕೇ ಮೇಲೆ ಒಬ್ಬ ಲೈಫ್‌ಗಾರ್ಡ್ ಬೇಕು. ಅವನಿಗೆ ಬೇರೆ ಕೆಲಸ ಇರಬಾರದು. ಮಕ್ಕಳ ಕನ್ನಡಕ ಸರಿ ಮಾಡುವುದು, ಟ್ಯೂಬ್ ಎತ್ತಿಡುವುದು, ಗೇಟು ತೆಗೆಯುವುದು, ಯಾವುದೂ ಬೇಡ. ಈ ಕೆಲಸದಲ್ಲಿ ಒಂದು ಲೆಕ್ಕ ಇದೆ: ಹತ್ತು ಸೆಕೆಂಡಿನಲ್ಲಿ ನಿನ್ನ ಪಾಲಿನ ನೀರನ್ನೆಲ್ಲ ಒಮ್ಮೆ ಕಣ್ಣಾಡಿಸಬೇಕು, ಏನಾದರೂ ಕಂಡರೆ ಇಪ್ಪತ್ತು ಸೆಕೆಂಡಿನಲ್ಲಿ ಮಗುವಿನ ಹತ್ತಿರ ಇರಬೇಕು. ಫೋಟೋ ತೆಗೆಯುವವರಿಗೆ ಆ ಹತ್ತು ಸೆಕೆಂಡ್ ಎಲ್ಲಿ ಸಿಗುತ್ತದೆ?

ಸಿನಿಮಾದಲ್ಲಿ ತೋರಿಸುವ ಹಾಗೆ ಮುಳುಗುವವರು ಕೈ ಬೀಸಿ "ಕಾಪಾಡಿ" ಅಂತ ಕೂಗಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ, ಉಸಿರು ಎಳೆಯುವುದಕ್ಕೇ ಸಮಯ ಸಾಲಲ್ಲ, ಕೂಗುವುದೆಲ್ಲಿ? ಮಗು ನೆಟ್ಟಗೆ ನಿಂತು ಏಣಿ ಹತ್ತುವ ಹಾಗೆ ಕಾಣುತ್ತದೆ. ಸದ್ದೇ ಇರಲ್ಲ. ನೋಡುವವರಿಗೆ ಆಟ ಆಡುತ್ತಿದೆ ಅನಿಸುತ್ತದೆ. ಒಂದು ನಿಮಿಷದೊಳಗೆ ಮುಗಿದು ಹೋಗಬಹುದು.

ಹೋಗಿ ಕೇಳಬೇಕಾದ್ದು: ನೀರು ನೋಡುವುದಕ್ಕೇ ಅಂತ ಯಾರಿದ್ದಾರೆ, ಹೆಸರು ಹೇಳಿ. "ಎಲ್ಲರೂ ನೋಡುತ್ತಿರುತ್ತೇವೆ" ಅಂದರೆ ಯಾರೂ ನೋಡುತ್ತಿಲ್ಲ ಅಂತ ಅರ್ಥ.

ಕುವೆಂಪುನಗರದಮ್ಮ
@ನೀರಂಚು ಏಣಿ ಹತ್ತುವ ಹಾಗೆ ಅಂದಿದ್ದು ಓದಿ ಮೈ ಜುಂ ಅಂತು. ಎಷ್ಟು ಮಕ್ಕಳಿಗೆ ಒಬ್ಬ ಕೋಚ್ ಇರಬೇಕು ಸರ್?

ನೀರಂಚು
ನಾನು ಹೊಸಬರ ಬ್ಯಾಚಿನಲ್ಲಿ ಆರೇಳು ಮಕ್ಕಳಿಗಿಂತ ಜಾಸ್ತಿ ತೆಗೆದುಕೊಳ್ಳಲ್ಲ. ಅದು ನನ್ನ ಲೆಕ್ಕ. ಈಜು ಬಂದ ಮಕ್ಕಳಾದರೆ ಸ್ವಲ್ಪ ಜಾಸ್ತಿ ಪರವಾಗಿಲ್ಲ. ಒಂದು ಉಪಾಯ ಹೇಳಲಾ? ಈಜು ಬಾರದವರಿಗೆ ಕೆಂಪು ಕ್ಯಾಪ್, ಬರುವವರಿಗೆ ಹಳದಿ. ಆಳದ ಕಡೆ ಕೆಂಪು ಕಂಡರೆ ತಕ್ಷಣ ಗೊತ್ತಾಗುತ್ತದೆ. ಮತ್ತೆ ನೀಲಿ, ಬಿಳಿ ಈಜುಡುಗೆ ತೆಗೆಸಿಕೊಡಬೇಡಿ. ನೀರಿನಡಿ ಕಾಣುವುದೇ ಇಲ್ಲ. ಮಿರಿ ಮಿರಿ ಕಿತ್ತಳೆ ಬಣ್ಣದ್ದು ತೆಗೆದುಕೊಳ್ಳಿ.

ಎರಡುಜಡೆ
ಅಯ್ಯೋ, ನಮ್ಮ ಮನೆಯಲ್ಲಿ ಇರುವುದೇ ನೀಲಿ! ಪೂಲ್‌ಗೆ ಮ್ಯಾಚ್ ಆಗಲಿ ಅಂತ ತೆಗೆದುಕೊಂಡಿದ್ದೆ. ಕ್ಯಾಪ್ ಹಾಕಿದರೂ ಮಗಳ ಕೂದಲು ಜೊಂಡಿನ ಹಾಗಾಗಿದೆ. ಕ್ಲೋರಿನ್‌ಗೆ ಏನು ಮಾಡುತ್ತೀರಿ ಯಾರಾದರೂ?

ಸುಮ್ನೆಓದುಗ
ಮೊದಲು ಮಾಮೂಲಿ ನೀರಿನಲ್ಲಿ ಕೂದಲು ಪೂರ್ತಿ ನೆನೆಸಿ, ಆಮೇಲೆ ಕ್ಯಾಪ್. ಒದ್ದೆ ಕೂದಲು ಕ್ಲೋರಿನ್ ಕಮ್ಮಿ ಕುಡಿಯುತ್ತದೆ. ನಮ್ಮನೆಯಲ್ಲಿ ಎರಡು ಹನಿ ಕೊಬ್ಬರಿ ಎಣ್ಣೆ.

ನೀರಂಚು
ಎಣ್ಣೆ ಹಚ್ಚಿಕೊಂಡು ಪೂಲ್‌ಗೆ ಇಳಿಯಬೇಡಿ ದಯವಿಟ್ಟು, ಫಿಲ್ಟರ್ ತೊಳೆಯುವವರ ಕಡೆಯಿಂದ ಕೇಳಿಕೊಳ್ಳುತ್ತಿದ್ದೇನೆ. ಮೂಗಿಗೆ ರಾಚುವ ವಾಸನೆ ಬಂದರೆ ಪೂಲ್ ಸ್ವಚ್ಛ ಅಂತ ತಿಳಿಯಬೇಡಿ. ಬೆವರು, ಮೂತ್ರ ಕ್ಲೋರಿನ್ ಜೊತೆ ಸೇರಿದಾಗ ಬರುವ ವಾಸನೆ ಅದು.

ಹಳೇಬೇರು
ಬಾವಿ ನೀರಿಗೆ ವಾಸನೆ ಇರಲಿಲ್ಲ. ಸುಮ್ಮನೆ ಹೇಳಿದೆ.

ಪಿಟಿಮೇಷ್ಟ್ರು
ನಾನು ಸರ್ಕಾರಿ ಪ್ರೌಢಶಾಲೆ ಶಿಕ್ಷಕ, ಹಾಸನ ಜಿಲ್ಲೆ. ನಮ್ಮ ಕಡೆ ಮಾತೂ ಕೇಳಿ.

ಟೂರಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಬಸ್ಸಿನ ಕಾಗದ, ಊಟದ ಲೆಕ್ಕ, ಔಷಧಿ ಡಬ್ಬ ಎಲ್ಲ ನಾವೇ. ಹೊರಟ ಮೇಲೆ ಒಬ್ಬನಿಗೆ ವಾಂತಿ, ಇನ್ನೊಬ್ಬಳಿಗೆ ಚಪ್ಪಲಿ ಕಳೆದಿದೆ, ಮತ್ತೊಬ್ಬನ ಅಪ್ಪ ಗಂಟೆಗೊಮ್ಮೆ ಫೋನು. ರಾತ್ರಿ ನಿದ್ದೆ ಇಲ್ಲ. ಮೂರನೇ ದಿನ ಸಂಜೆ ಸಮುದ್ರ. ಮಕ್ಕಳು ಹುಟ್ಟಿದ ಮೇಲೆ ಮೊದಲ ಸಲ ಸಮುದ್ರ ನೋಡುತ್ತಿರುತ್ತಾರೆ. ಬಸ್ಸಿನ ಬಾಗಿಲು ತೆಗೆದರೆ ಸಾಕು, ಓಡುತ್ತಾರೆ. ಐವತ್ತು ಜನರ ಹಿಂದೆ ನಾಲ್ಕು ಜನ ಓಡಬೇಕು. ನಮ್ಮಲ್ಲಿ ಈಜು ಬರುವವರು ಎಷ್ಟು? ನನಗೆ ಬರುತ್ತದೆ. ಉಳಿದ ಮೂವರಿಗೆ ಬರಲ್ಲ.

2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಆದದ್ದು ಎಲ್ಲರಿಗೂ ನೆನಪಿದೆ. ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ಕು ಹುಡುಗಿಯರು ಹೋದರು. ಜೊತೆಗಿದ್ದ ಶಿಕ್ಷಕರನ್ನು ಬಂಧಿಸಿದರು. ತಪ್ಪಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅವತ್ತಿನಿಂದ ನಮ್ಮ ಸ್ಟಾಫ್ ರೂಮಿನಲ್ಲಿ ಟೂರು ಅಂದರೆ ಎಲ್ಲರೂ ಕಿಟಕಿಯಾಚೆ ನೋಡುತ್ತಾರೆ.

ನನ್ನದೇ ಅನುಭವ ಒಂದು. ಬಹಳ ವರ್ಷದ ಹಿಂದೆ ಬಲಮುರಿಗೆ ಹೋಗಿದ್ದೆವು. ಕಾವೇರಿ, ಮೊಣಕಾಲುದ್ದ ನೀರು, ಎಲ್ಲರೂ ಆಡುತ್ತಿದ್ದರು. ನಾನು ಹತ್ತು ನಿಮಿಷಕ್ಕೊಮ್ಮೆ ಶೀಟಿ ಊದಿ ನಂಬರ್ ಕೂಗಿಸುತ್ತಿದ್ದೆ. ಬಹಳ ಶಿಸ್ತು ಅಂತ ನನಗೇ ಹೆಮ್ಮೆ. ಒಂದು ಸಲ 31 ಅಂತ ಕೂಗು ಬರಲಿಲ್ಲ. ಪಾಚಿ ಮೇಲೆ ಜಾರಿ ಪಕ್ಕದ ಗುಂಡಿಗೆ ಹೋಗಿದ್ದ. ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸು ಸೀರೆ ಎಸೆದು ಎಳೆದುಕೊಂಡಿದ್ದರು. ಆ ತಾಯಿಗೆ ಕೈಮುಗಿದು ಬಂದೆ. ಎಣಿಸುವುದು ಬಸ್ಸಿಗೆ ಸರಿ ಸ್ವಾಮಿ. ನೀರಿನಲ್ಲಿ ಎಣಿಕೆ ತಪ್ಪಿದೆ ಅಂತ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಎರಡುಜಡೆ
ಸೀರೆ ಎಸೆದರಲ್ಲಾ, ನೀರಿಗೆ ಹಾರಲಿಲ್ಲ. ಅದೇ ಸರಿ ಅಂತ ಎಲ್ಲೋ ಓದಿದ್ದೆ.

ಕಡಲಮಗ್ಗಲು
ಹೌದು, ಹಾರುವುದು ಕೊನೆಗೆ. ಕೋಲು, ಹಗ್ಗ, ಖಾಲಿ ಕ್ಯಾನು, ಏನಾದರೂ ಎಸೆಯಿರಿ. ಮುಳುಗುವವ ಕುತ್ತಿಗೆ ಹಿಡಿದರೆ ಇಬ್ಬರೂ ಹೋದರು.

ನಮ್ಮದು ಕುಂದಾಪುರ ಕಡೆ. ಘಟ್ಟದ ಮೇಲಿನಿಂದ ಬರುವವರಿಗೆ ಒಂದು ಮಾತು ಮಾರಾಯ್ರೇ. ದೊಡ್ಡ ಅಲೆ ಒಡೆಯುವ ಜಾಗ ನೋಡಿ ಹೆದರುತ್ತೀರಿ, ಪಕ್ಕದಲ್ಲಿ ಅಲೆಯೇ ಇಲ್ಲದೆ ತಣ್ಣಗಿರುವ ಜಾಗಕ್ಕೆ ಮಕ್ಕಳನ್ನು ಇಳಿಸುತ್ತೀರಿ. ಅಲ್ಲೇ ಉಂಟು ಸೆಳೆತ. ದಡಕ್ಕೆ ಬಂದ ನೀರೆಲ್ಲ ವಾಪಸು ಹೋಗುವ ದಾರಿ ಅದು. ನೀರಿನ ಬಣ್ಣ ಸ್ವಲ್ಪ ಕಂದು ಇರುತ್ತದೆ, ನೊರೆ ಒಳಗೆ ಹೋಗುತ್ತಿರುತ್ತದೆ. ಸಿಕ್ಕಿಹಾಕಿಕೊಂಡರೆ ದಡಕ್ಕೆ ನೇರ ಈಜಬೇಡಿ, ಸೋತು ಹೋಗುತ್ತೀರಿ. ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ಬನ್ನಿ. ಈಜು ಬರದಿದ್ದರೆ ಬೆನ್ನ ಮೇಲೆ ತೇಲಿ, ಕೈ ಎತ್ತಿ.

ಕಟ್ಟುಮಸ್ತು ಹುಡುಗರು ಪೂಲ್‌ನಲ್ಲಿ ಈಜು ಕಲಿತವರೇ ಹೋದದ್ದು ನೋಡಿದ್ದೇನೆ. ಪೂಲ್ ನಿಮ್ಮನ್ನು ಎಳೆಯುವುದಿಲ್ಲ. ಸಮುದ್ರ ಎಳೆಯುತ್ತದೆ.

ಸುಮ್ನೆಓದುಗ
ಹಾಗಾದರೆ ಸಮುದ್ರದ ಟೂರನ್ನೇ ನಿಲ್ಲಿಸಿಬಿಡಲಿ. ಬೇಲೂರು ಹಳೇಬೀಡು ಸಾಕು.

ಪಿಟಿಮೇಷ್ಟ್ರು
ಹಾಗಂದರೆ ಕೋಲಾರದ ಹುಡುಗಿ ಸಮುದ್ರ ನೋಡುವುದು ಯಾವಾಗ? ಬಹಳ ಮಕ್ಕಳಿಗೆ ಶಾಲೆ ಟೂರೇ ಮೊದಲನೆಯದು. ಕೆಲವರಿಗೆ ಕೊನೆಯದೂ. ನಿಲ್ಲಿಸುವುದು ಸುಲಭ.

ಬೋಗನ್‌ವಿಲ್ಲಾ
ಬರೀ ಸಮುದ್ರ ಅಲ್ಲ, ದೋಣಿಯೂ. ವಡೋದರಾದ ಹರಣಿ ಕೆರೆಯಲ್ಲಿ 2024ರ ಜನವರಿ 18ಕ್ಕೆ ಶಾಲೆ ಪಿಕ್‌ನಿಕ್ ದೋಣಿ ಮಗುಚಿ 12 ಮಕ್ಕಳು, 2 ಶಿಕ್ಷಕಿಯರು ಹೋದರು. ದೋಣಿಗೆ ಹಿಡಿಸುವುದಕ್ಕಿಂತ ಜಾಸ್ತಿ ಜನ, ಬಹಳ ಮಕ್ಕಳಿಗೆ ಲೈಫ್ ಜಾಕೆಟ್ಟೇ ಇಲ್ಲ. ಕೇರಳದಲ್ಲೂ 2009ರಲ್ಲಿ ಹೀಗೇ ಶಾಲೆ ಮಕ್ಕಳ ದೋಣಿ ಮುಳುಗಿತ್ತು.

ಕಡಲಮಗ್ಗಲು
2009ರದ್ದು ತೇಕ್ಕಡಿ. ಅದು ಪ್ರವಾಸಿಗರ ದೋಣಿ. ನೀವು ಹೇಳುತ್ತಿರುವುದು ತಟ್ಟೇಕಾಡು, 2007ರ ಫೆಬ್ರವರಿ. ಪೆರಿಯಾರ್ ನದಿ. 15 ಮಕ್ಕಳು, 3 ಶಿಕ್ಷಕರು.

ಬೋಗನ್‌ವಿಲ್ಲಾ
ಹೌದು, ಕಲಸಿಬಿಟ್ಟೆ. ಥ್ಯಾಂಕ್ಸ್. ಹದಿನೇಳು ವರ್ಷದ ಅಂತರ, ಕಥೆ ಮಾತ್ರ ಅದೇ.

ಕರಿಕೋಟು
ಒಪ್ಪಿಗೆ ಪತ್ರದ ಬಗ್ಗೆ. "ಶಾಲೆ ಹೊಣೆಯಲ್ಲ" ಅಂತ ನೀವು ಸಹಿ ಮಾಡಿದರೂ ಶಾಲೆಯ ನಿರ್ಲಕ್ಷ್ಯ ತೊಳೆದುಹೋಗಲ್ಲ. ನಿರ್ಲಕ್ಷ್ಯದಿಂದ ಸಾವಾದರೆ ಮೊದಲು ಐಪಿಸಿ 304ಎ ಇತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಹೊಸ ಕಾನೂನು ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 106, ಐದು ವರ್ಷದವರೆಗೆ ಶಿಕ್ಷೆ. ಆ ಸಾಲು ಹೆದರಿಸಲಿಕ್ಕೆ ಇರುವುದು, ಅಷ್ಟೇ. ಬೇಕಾದರೆ ಆ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿ ಕೊಡಿ. ಕೆಳಗೆ ಕೈಬರಹದಲ್ಲಿ ಬರೆಯಿರಿ, "ನನ್ನ ಮಗಳನ್ನು ನೀರಿಗೆ ಇಳಿಸಲು ಒಪ್ಪಿಗೆ ಇಲ್ಲ." ಅಥವಾ "ಪಾದ ಮುಳುಗುವಷ್ಟು ಮಾತ್ರ."

ಹಳೇಬೇರು
ಪಾದ ಮುಳುಗುವಷ್ಟು ಅಂತ ಅಲೆಗೆ ಯಾರು ಹೇಳುತ್ತಾರೆ ವಕೀಲರೇ?

ಕರಿಕೋಟು
🙏 ಒಪ್ಪಿದೆ. ಮೊದಲನೆಯದನ್ನೇ ಬರೆಯಿರಿ.

ರಾತ್ರಿಪಾಳಿ
ನಾನು ತುರ್ತು ವಿಭಾಗದಲ್ಲಿ ನರ್ಸ್. ಎರಡು ನಿಮಿಷ ಓದಿ.

ನೀರಿನಿಂದ ತೆಗೆದ ಮಗುವನ್ನು ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು, ಇವೆರಡನ್ನೂ ಬಿಡಿ. ಹೊಟ್ಟೆಯ ನೀರು ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುತ್ತದೆ, ಅಮೂಲ್ಯ ಸಮಯವೂ ಹೋಗುತ್ತದೆ. ಮಗುವಿಗೆ ಬೇಕಿರುವುದು ಗಾಳಿ. ಉಸಿರಾಡುತ್ತಿಲ್ಲ ಅಂದರೆ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಂದ ಬಾಯಿಗೆ ಉಸಿರು ಕೊಡಿ. ಮುಳುಗಿದವರಿಗೆ ಉಸಿರು ಮೊದಲು. ಆಮೇಲೆ ಎದೆ 30 ಸಲ ಒತ್ತುವುದು, 2 ಉಸಿರು, ಮತ್ತೆ 30. ನಿಲ್ಲಿಸಬೇಡಿ. ಇನ್ನೊಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಲಿ. ಮಗು ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ತನ್ನಿ. ಕೆಮ್ಮು, ಉಬ್ಬಸ ಕೆಲವು ಗಂಟೆ ಬಿಟ್ಟು ಜಾಸ್ತಿ ಆಗಬಹುದು.

ಇದನ್ನು ಓದಿ ಕಲಿಯಲು ಆಗಲ್ಲ, ಬೊಂಬೆ ಮೇಲೆ ಒತ್ತಿ ಕಲಿಯಬೇಕು. ನಿಮ್ಮ ಶಾಲೆಯಲ್ಲಿ ಎಷ್ಟು ಜನ ಕಲಿತಿದ್ದಾರೆ, ಕೇಳಿ.

ಇನ್ನೊಂದು. ಉಪ್ಪಿನ ರಾಶಿಯಲ್ಲಿ ಹೂತರೆ ಬದುಕುತ್ತಾರೆ ಅಂತ ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದನ್ನು ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಮಗುವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿ ಇಟ್ಟಿದ್ದರು. ಆ ಅಪ್ಪ ಅಮ್ಮನನ್ನು ಬೈಯಲಾರೆ. ಫಾರ್ವರ್ಡ್ ಮಾಡಿದವರನ್ನು ಬೈಯುತ್ತೇನೆ.

ಸುಮ್ನೆಓದುಗ
ನಮ್ಮ ಮಾವನಿಂದ ಆ ಮೆಸೇಜು ಮೂರು ಸಲ ಬಂದಿದೆ. ಇವತ್ತು ಉತ್ತರ ಕೊಡುತ್ತೇನೆ.

ಎರೆಹೊಲ
ಗದಗ ಕಡೆಯಿಂದ. ಪೂಲ್, ಸಮುದ್ರ ಎಲ್ಲ ಸರಿ ನೋಡ್ರಿ. ನಮ್ಮ ಕಡೆ ಮಕ್ಕಳು ಹೋಗುವುದು ಕೃಷಿಹೊಂಡದಾಗ. ಸರ್ಕಾರದ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಹೊಲಕ್ಕೊಂದು ಹೊಂಡ. ಒಳಗೆ ಪ್ಲಾಸ್ಟಿಕ್ ಹಾಳೆ, ಇಳಿಜಾರು, ಒದ್ದೆಯಾದರೆ ಬೆಣ್ಣೆ ಸವರಿದಂಗ. ದೊಡ್ಡವರಿಗೇ ಹತ್ತಲು ಆಗುವುದಿಲ್ಲ. ತಂತಿ ಬೇಲಿ ಹಾಕಬೇಕಂತ ಹೇಳುತ್ತಾರೆ, ಎಷ್ಟು ಜನ ಹಾಕಿದ್ದಾರೆ? ಹಾಕಿದ್ದನ್ನೂ ದನ ಕೆಡವಿರುತ್ತವೆ.

ನಾನು ಒಂದು ಮಾಡಿದ್ದೇನೆ. ನಾಲ್ಕೂ ಮೂಲೆಗೆ ಗೂಟ ಬಡಿದು ಗಂಟು ಹಾಕಿದ ದಪ್ಪ ಹಗ್ಗ ನೀರಿನ ತನಕ ಬಿಟ್ಟಿದ್ದೇನೆ. ತುದಿಗೆ ಹಳೆಯ ಟ್ಯೂಬು. 600 ರೂಪಾಯಿ ಖರ್ಚು. ಪಕ್ಕದ ಹೊಲದವರು ನಕ್ಕರು. ಮುಂದಿನ ವರ್ಷ ಅವರೂ ಬಿಟ್ಟರು.

ನಮ್ಮೂರ ಶಾಲೆಗೆ ಪೂಲ್ ಬರುವುದು ಈ ಜನ್ಮದಾಗ ಇಲ್ಲ. ಆದರೆ ಮಾಸ್ತರು ಮಕ್ಕಳನ್ನು ಹೊಂಡದ ದಂಡೆಗೆ ಕರೆದುಕೊಂಡು ಬಂದು, ಹಗ್ಗ ಎಸೆಯುವುದು ಹೇಗೆ ಅಂತ ಕಲಿಸಬಹುದಲ್ರೀ? ಸಾಮಾನ್ಯವಾಗಿ ಒಬ್ಬ ಜಾರುತ್ತಾನೆ, ಅವನನ್ನು ಎಳೆಯಲು ಹೋಗಿ ಇಬ್ಬರು.

ಪಿಟಿಮೇಷ್ಟ್ರು
@ಎರೆಹೊಲ ಇದು ಮಾಡಬಹುದಾದ ಕೆಲಸ. ನಮ್ಮ ಶಾಲೆಯ ಮೈದಾನದಲ್ಲೇ ಆಗುತ್ತದೆ, ನೀರೂ ಬೇಡ. ಟ್ಯೂಬು, ಹಗ್ಗ, ಸುಣ್ಣದ ಗೆರೆ. ಸೋಮವಾರವೇ ಮಾಡುತ್ತೇನೆ.

ಕಾಲುವೆಯೂರು
ನಾವು ನೆದರ್ಲೆಂಡ್ಸ್‌ನಲ್ಲಿ ಇದ್ದೇವೆ. ಮನೆ ಮುಂದೆಯೇ ಕಾಲುವೆ, ಬೇಲಿ ಇಲ್ಲ. ಇಲ್ಲಿ ಮಕ್ಕಳಿಗೆ ಎ, ಬಿ, ಸಿ ಅಂತ ಈಜಿನ ಡಿಪ್ಲೊಮಾ. ಪರೀಕ್ಷೆಯಲ್ಲಿ ಅಂಗಿ, ಪ್ಯಾಂಟು, ಶೂ ಹಾಕಿಕೊಂಡೇ ಈಜಬೇಕು. ಆಮೇಲೆ ನೀರಿನೊಳಗೆ ಇಳಿಬಿಟ್ಟ ಪರದೆಯ ತೂತಿನಿಂದ ದಾಟಬೇಕು. ಕಾಲುವೆಗೆ ಯಾರೂ ಈಜುಡುಗೆ ಹಾಕಿಕೊಂಡು ಬೀಳಲ್ಲವಲ್ಲ! ಮಗಳು ಎ ಪಾಸಾದ ದಿನ ನಮ್ಮಮ್ಮ ಧಾರವಾಡದಿಂದ ವಿಡಿಯೋ ಕಾಲಿನಲ್ಲಿ ನೋಡಿ, "ಶೂ ಯಾಕ ಹಾಳು ಮಾಡ್ತೀರಿ?" ಅಂದರು.

ಎರಡುಜಡೆ
ಅಲ್ಲಿ ಶಾಲೆಯವರೇ ಕಲಿಸುತ್ತಾರಾ?

ಕಾಲುವೆಯೂರು
ಒಂದು ಕಾಲಕ್ಕೆ ಕಲಿಸುತ್ತಿದ್ದರಂತೆ. ಈಗ ಹೆಚ್ಚಿನ ಕಡೆ ಅಪ್ಪ ಅಮ್ಮಂದಿರೇ ದುಡ್ಡು ಕೊಟ್ಟು ಕಲಿಸುವುದು. ದುಬಾರಿ. ಇಲ್ಲೂ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ.

ಎರಡುಜಡೆ
ಒಂದು ಸಂಕೋಚದ ವಿಷಯ, ಆದರೂ ಹೇಳುತ್ತೇನೆ. ಈಜು ಕ್ಲಾಸಿಗೆ ಹುಡುಗಿಯರು ದೊಡ್ಡವರಾಗುತ್ತಿದ್ದ ಹಾಗೆ ಬಿಟ್ಟುಬಿಡುತ್ತಾರೆ. ಬಟ್ಟೆ ಬದಲಾಯಿಸಲು ಸರಿಯಾದ ಕೋಣೆ ಇಲ್ಲ, ಮಹಿಳಾ ಕೋಚ್ ಇಲ್ಲ, ಮುಟ್ಟಿನ ದಿನ ಯಾಕೆ ಬರಲಿಲ್ಲ ಅಂತ ಎಲ್ಲರ ಮುಂದೆ ಕೇಳುತ್ತಾರೆ. ಆಮೇಲೆ ಅದೇ ಹುಡುಗಿಯರು ಟೂರಿನಲ್ಲಿ ಸಮುದ್ರಕ್ಕೆ ಚೂಡಿದಾರದಲ್ಲಿ ಇಳಿಯುತ್ತಾರೆ, ದುಪಟ್ಟಾ ಸಮೇತ. ಕೋಣೆಗೆ ಚಿಲಕ ಇದೆಯಾ, ಆಯಾ ಯಾರು, ಇದನ್ನೂ ಪಟ್ಟಿಗೆ ಸೇರಿಸಿ ಅಕ್ಕ.

ನೀರಂಚು
ಬಹಳ ಸರಿ. ಬಟ್ಟೆ ಬದಲಾಯಿಸುವ ಜಾಗದಲ್ಲಿ ಮೊಬೈಲ್ ಯಾರ ಕೈಯಲ್ಲೂ ಇರಬಾರದು, ಅದನ್ನೂ ಸೇರಿಸಿ.

ಕುವೆಂಪುನಗರದಮ್ಮ
ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಮಗನ ಶಾಲೆಗೆ ನಾವು ನಾಲ್ಕು ಅಮ್ಮಂದಿರು, ಒಬ್ಬ ತಾತ ಹೋಗಿದ್ದೆವು. ಪ್ರಿನ್ಸಿಪಾಲರು ಮೊದಲು "ಇಷ್ಟು ವರ್ಷದಲ್ಲಿ ಏನೂ ಆಗಿಲ್ಲ" ಅಂದರು. ತಾತ, "ಈಜು ಶುರುವಾಗಿದ್ದೇ ಈ ಜೂನಿನಲ್ಲಿ ಅಲ್ವಾ?" ಅಂದರು. ಆಮೇಲೆ ಮಾತು ದಾರಿಗೆ ಬಂತು. ಮಿಸ್ಸನ್ನೂ ಕರೆಸಿದರು. ಪಾಪ, ಅವರ ಕಣ್ಣಲ್ಲಿ ನೀರು. "ಫೋಟೋ ಲೇಟಾದರೆ ಗ್ರೂಪಿನಲ್ಲಿ ಕೇಳುತ್ತಾರೆ ಮೇಡಂ, ಆಫೀಸಿನಿಂದಲೂ ಫೋನ್ ಬರುತ್ತದೆ. ನನಗೆ ಈಜೂ ಬರಲ್ಲ" ಅಂದರು. ನಾನು ತಲೆ ತಗ್ಗಿಸಿದೆ.

ಈಗ 14 ಮಕ್ಕಳ ಎರಡು ಬ್ಯಾಚ್. ಪೂಲಿನವರ ಕಡೆಯಿಂದ ಇನ್ನೊಬ್ಬರು ಬರೀ ನೋಡುವುದಕ್ಕೆ, ಶೀಟಿ ಅವರ ಕೊರಳಲ್ಲೇ. ಕೆಂಪು, ಹಳದಿ ಕ್ಯಾಪು ಬಂದಿವೆ. ಬೊಂಬೆ ಮೇಲೆ ಕಲಿಸುವ ತರಬೇತಿಗೆ "ನೋಡೋಣ" ಅಂದಿದ್ದಾರೆ. ಬಿಡಲ್ಲ ನಾನು. ಈಜಿನ ಹೊತ್ತಿನಲ್ಲಿ ಫೋಟೋ ಇಲ್ಲ.

ಮಗಳ ಪತ್ರಕ್ಕೆ ಕರಿಕೋಟು ಸರ್ ಹೇಳಿದ ಹಾಗೆ ಆ ಸಾಲು ಹೊಡೆದು, ನೀರಿಗೆ ಇಳಿಸಬೇಡಿ ಅಂತ ಬರೆದು ಸಹಿ ಮಾಡಿದೆ. ಮಗಳು ಮಾತಾಡುತ್ತಿದ್ದಾಳೆ. ಅರ್ಧಂಬರ್ಧ.

ನೀರಂಚು
ಹತ್ತು ದಿನದಲ್ಲಿ ಇಷ್ಟು ಆಗಿದ್ದೇ ದೊಡ್ಡದು ಮೇಡಂ.

ಹಳೇಬೇರು
ಆ ತಾತ ಯಾರಮ್ಮ? ಅವರನ್ನು ಇಲ್ಲಿಗೂ ಕರೆದುಕೊಂಡು ಬನ್ನಿ.

ಕುವೆಂಪುನಗರದಮ್ಮ
😀 ಕೇಳುತ್ತೇನೆ ಸರ್. ಇವತ್ತು ಗುರುವಾರ, ಹೊಸ ಪದ್ಧತಿಯ ಮೊದಲ ಕ್ಲಾಸು ಮುಗಿಯಿತು. ಹನ್ನೆರಡು ಗಂಟೆಗೆ ಗ್ರೂಪಿನಲ್ಲಿ ಮೊದಲ ಮೆಸೇಜು, ನಮ್ಮ ಜೊತೆ ಪ್ರಿನ್ಸಿಪಾಲರ ಹತ್ತಿರ ಬಂದಿದ್ದ ಅಮ್ಮನದೇ: "ಮಿಸ್, ಇವತ್ತಿನ ಸ್ವಿಮ್ಮಿಂಗ್ ಫೋಟೋ ಇನ್ನೂ ಬಂದಿಲ್ವಲ್ಲಾ?"